ಅಪ್ಪನಿಗೂ ಗೊತ್ತಿಲ್ಲ: ಮಕ್ಕಳಿಗೆ ಹಾಗೆ ಹೇಳುವುದು ಹೇಗೆ, ಹೇಳಿದ ಮೇಲೆ ಮಾಡುವುದೇನು

ನನ್ನ ಮಗಳಿಗೆ ಆಗ ಆರು ವರ್ಷ. ಒಂದು ಮಧ್ಯಾಹ್ನ ಬಂದು ಕೇಳಿದಳು: "ಅಪ್ಪಾ, ಬೇಸಿಗೆಯಲ್ಲಿ ಯಾಕೆ ಇಷ್ಟು ಸೆಕೆ?" ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದೆ: "ಆಗ ಭೂಮಿ ಸೂರ್ಯನ ಹತ್ತಿರ ಹೋಗುತ್ತೆ ಪುಟ್ಟಿ, ಅದಕ್ಕೆ." ಅವಳು ಸಮಾಧಾನವಾಗಿ ಆಟಕ್ಕೆ ಹೋದಳು. ನಾನು ನನ್ನ ಕೆಲಸಕ್ಕೆ.

ಮೂರು ವರ್ಷದ ಮೇಲೆ ಒಂದು ಸಂಜೆ ಶಾಲೆಯಿಂದ ಬಂದವಳು ಬ್ಯಾಗನ್ನು ಧೊಪ್ಪೆಂದು ಎಸೆದಳು. ಪರೀಕ್ಷೆಯಲ್ಲಿ ಅದೇ ಉತ್ತರ ಬರೆದಿದ್ದಳು. ಎರಡು ಅಂಕ ಹೋಗಿತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. "ನಮ್ಮಪ್ಪ ಹೇಳಿದ್ದು" ಅಂತ ಟೀಚರ್ ಜೊತೆ ವಾದಕ್ಕೂ ನಿಂತಿದ್ದಳಂತೆ.

ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರಿಗೆ. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15 ಕೋಟಿ 21 ಲಕ್ಷಕ್ಕೆ. ಬೇಸಿಗೆ ಚಳಿಗಾಲಗಳಿಗೆ ಕಾರಣ ಭೂಮಿಯ ಅಕ್ಷ 23.5 ಡಿಗ್ರಿಯಷ್ಟು ವಾಲಿಕೊಂಡಿರುವುದು. ಇದನ್ನು ನಾನೂ ಶಾಲೆಯಲ್ಲಿ ಓದಿದ್ದೆ. ಮರೆತಿದ್ದೆ. ಮರೆತಿದ್ದೇನೆ ಅನ್ನುವುದೂ ಮರೆತುಹೋಗಿತ್ತು.

ಎರಡು ಅಂಕದ ಬೇಜಾರು ಎರಡು ದಿನದಲ್ಲಿ ಹೋಯಿತು. ನನಗೆ ಹೋಗದೆ ಉಳಿದದ್ದು ಬೇರೆ. ನಾನು ಬಾಯಿಗೆ ಬಂದಂತೆ ಹೇಳಿದ ಒಂದು ಮಾತನ್ನು ಈ ಹುಡುಗಿ ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ಇಂಥ ಮಾತು ಇನ್ನೆಷ್ಟು ಹೇಳಿದ್ದೇನೋ!

ಆಮೇಲೆ ನಾನು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಮೂರು ವರ್ಷದ ಮಗುವಿನಿಂದ ಹಿಡಿದು ಬಾಗಿಲು ಧಡಾರನೆ ಹಾಕಿಕೊಳ್ಳುವ ವಯಸ್ಸಿನವರೆಗೆ ಉಪಯೋಗಕ್ಕೆ ಬರುತ್ತದೆ. ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಲು ಹೋಗಬೇಡಿ. ಮಕ್ಕಳು "ಇವತ್ತು ಅಪ್ಪನಿಗೆ ಏನಾಗಿದೆ?" ಅಂತ ನೋಡುತ್ತಾರೆ.

ಹೆಜ್ಜೆ 1: ನಿಮಗೆ ಎಷ್ಟು ಗೊತ್ತಿಲ್ಲ ಅಂತ ಮೊದಲು ನೋಡಿಕೊಳ್ಳಿ

ಒಂದು ಹಾಳೆ, ಒಂದು ಪೆನ್ಸಿಲ್ ತಗೊಳ್ಳಿ. ಸೈಕಲ್ಲನ್ನು ನೋಡದೆ ಒಂದು ಸೈಕಲ್ ಬರೆಯಿರಿ. ಚಕ್ರ ಸುಲಭ. ಪೆಡಲ್ ಎಲ್ಲಿ? ಚೈನು ಎಲ್ಲಿಂದ ಎಲ್ಲಿಗೆ? ನಡುವಿನ ಕಂಬಿಗಳು ಒಂದಕ್ಕೊಂದು ಎಲ್ಲಿ ಸೇರುತ್ತವೆ?

ಲಿವರ್‌ಪೂಲ್ ವಿಶ್ವವಿದ್ಯಾಲಯದ ರೆಬೆಕಾ ಲಾಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ಇದನ್ನೇ ಮಾಡಿಸಿದ್ದರು. ಎರಡೂ ಚಕ್ರಕ್ಕೆ ಚೈನು ಸುತ್ತಿದವರಿದ್ದರು. ಹಾಗೆ ಸುತ್ತಿದರೆ ಹ್ಯಾಂಡಲ್ ತಿರುಗಿಸೋದೇ ಕಷ್ಟ! ದಿನಾ ನೋಡುವ ವಸ್ತು ನಮಗೆ ಅರ್ಥವಾಗಿದೆ ಅಂದುಕೊಂಡಿರುತ್ತೇವೆ, ಅಷ್ಟೆ. ಇದಕ್ಕೂ ಮೊದಲು, 2002ರಲ್ಲಿ, ಯೇಲ್ ವಿಶ್ವವಿದ್ಯಾಲಯದ ರೋಜೆನ್‌ಬ್ಲಿಟ್ ಮತ್ತು ಕೀಲ್ ಅನ್ನುವ ಇಬ್ಬರು ಜಿಪ್ಪು, ಫ್ಲಶ್ ಟಾಯ್ಲೆಟ್ ಇಂಥವನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದ್ದರು. ಇದು ಹೇಗೆ ಕೆಲಸ ಮಾಡುತ್ತೆ ಅಂತ ನಿಮಗೆ ಎಷ್ಟು ಗೊತ್ತು ಅಂತ ಕೇಳಿದಾಗ ಜನ ತಮಗೆ ತಾವೇ ಒಳ್ಳೆಯ ಅಂಕ ಕೊಟ್ಟುಕೊಂಡರು. ಸರಿ, ಹಂತ ಹಂತವಾಗಿ ವಿವರಿಸಿ ಅಂದ ಮೇಲೆ ಅಂಕ ಇಳಿಸಿಕೊಂಡರು.

ಮನೆಯಲ್ಲಿ ಎಲ್ಲರೂ ಕೂತು ಈ ಸೈಕಲ್ ಆಟ ಒಂದು ಸಲ ಆಡಿ. ನನ್ನ ಸೈಕಲ್ ನೋಡಿ ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ದೊಡ್ಡವರು ತಪ್ಪು ಮಾಡಿ, ನಗಿಸಿಕೊಂಡು, ಮರುಕ್ಷಣ ಆರಾಮಾಗಿರುವುದನ್ನು ಮಕ್ಕಳು ಒಮ್ಮೆ ನೋಡಬೇಕು.

ಹೆಜ್ಜೆ 2: ಮೂರು ಸೆಕೆಂಡ್ ಸುಮ್ನಿರಿ

ಪ್ರಶ್ನೆ ಬಂದ ತಕ್ಷಣ ಬಾಯಿ ತೆರೆಯುವುದೇ ನಮ್ಮ ದೊಡ್ಡ ಸಮಸ್ಯೆ. 1970ರ ದಶಕದಲ್ಲಿ ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಗಮನಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಮಕ್ಕಳ ಉತ್ತರ ಉದ್ದವಾಯಿತು. ಬಾಯಿಬಿಡದ ಮಕ್ಕಳೂ ಮಾತಾಡತೊಡಗಿದರು.

ಮನೆಯಲ್ಲೂ ಇದು ನಡೆಯುತ್ತದೆ. ಸುಮ್ನಿದ್ದಾಗ ಎಷ್ಟೋ ಸಲ ಮಗುವೇ ಪ್ರಶ್ನೆಯನ್ನು ಮುಂದುವರಿಸುತ್ತದೆ, ನಿಜವಾದ ಪ್ರಶ್ನೆ ಅದರ ಬೆನ್ನಿಗೆ ಬರುತ್ತದೆ. "ಅಪ್ಪಾ, ನೀನು ಯಾವಾಗ ಸಾಯ್ತೀಯಾ?" ಅಂತ ನನ್ನ ಮಗಳು ಒಮ್ಮೆ ಕೇಳಿದಳು. ನಾನು ಆತ್ಮ, ಜೀವ ಅಂತ ಶುರು ಮಾಡುವವನಿದ್ದೆ. ತಡೆದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: "ಆಗ ನನ್ನನ್ನ ಸ್ಕೂಲಿಂದ ಯಾರು ಕರ್ಕೊಂಡು ಬರ್ತಾರೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಅಜ್ಜಿ, ಹೆಸರು ಹೆಸರಾಗಿ ಹೇಳಿದೆ. ಸಾಕಾಯಿತು.

"ನಿನಗೇನನ್ನಿಸುತ್ತೆ?" ಅಂತ ತಿರುಗಿ ಕೇಳುವುದೂ ಒಳ್ಳೆಯದೇ. ಆದರೆ ಅದನ್ನು ತಪ್ಪಿಸಿಕೊಳ್ಳುವ ಉಪಾಯ ಮಾಡಿಕೊಳ್ಳಬೇಡಿ. ಮೂರನೇ ಸಲಕ್ಕೆ ಸಿಕ್ಕಿಬೀಳುತ್ತೀರಿ. "ನಿನಗೆ ಗೊತ್ತಿಲ್ಲ, ಅದಕ್ಕೆ ನನ್ನ ಕೇಳ್ತಿದೀಯ" ಅಂತ ನೇರವಾಗಿ ಹೇಳಿಸಿಕೊಂಡಿದ್ದೇನೆ.

ಹೆಜ್ಜೆ 3: ಯಾವ ತರದ 'ಗೊತ್ತಿಲ್ಲ' ಅಂತ ಬಿಡಿಸಿ ಹೇಳಿ

ಬರೀ "ಗೊತ್ತಿಲ್ಲ" ಅಂದರೆ ಮಗುವಿಗೆ ಕೇಳಿಸುವುದು "ನನ್ನ ತಲೆ ತಿನ್ನಬೇಡ" ಅಂತ. ಮುಂದಿನ ಒಂದು ವಾಕ್ಯ ಸೇರಿಸಲೇಬೇಕು. ನಾನು ನಾಲ್ಕು ತರ ಮಾಡಿಕೊಂಡಿದ್ದೇನೆ.

ಒಂದು, ನನಗೆ ಗೊತ್ತಿಲ್ಲ, ಬೇರೆಯವರಿಗೆ ಗೊತ್ತು. ವಿಮಾನ ಹೇಗೆ ಹಾರುತ್ತೆ, ಸೋಪು ಯಾಕೆ ನೊರೆ ಬರುತ್ತೆ, ಇಂಥವು. ಇದಕ್ಕೆ ಸೇರಿಸಬೇಕಾದದ್ದು: "ಯಾರನ್ನ ಕೇಳೋಣ?" ಅಥವಾ "ರಾತ್ರಿ ಹುಡುಕೋಣ."

ಎರಡು, ಸದ್ಯಕ್ಕೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮಕ್ಕಳಿಗೆ ಇದು ಬಹಳ ಇಷ್ಟ. ಆಕಳಿಕೆ ಯಾಕೆ ಬರುತ್ತೆ ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ. ಕನಸು ಯಾಕೆ ಬೀಳುತ್ತೆ ಅನ್ನುವುದೂ ಹಾಗೇ. ಇಷ್ಟು ಸಾಮಾನ್ಯ ವಿಷಯ ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇನ್ನೂ ಬಗೆಹರಿದಿಲ್ಲ ಅಂದಾಗ ನನ್ನ ಮಗಳ ಕಣ್ಣು ಅಗಲವಾಯಿತು. "ಹಾಗಾದ್ರೆ ನಾನು ಕಂಡುಹಿಡಿಬಹುದು!" ಅಂದಳು. ಹಿಡಿಯಲಿ.

ಮೂರು, ಒಬ್ಬೊಬ್ಬರು ಒಂದೊಂದು ನಂಬುತ್ತಾರೆ. ಸತ್ತ ಮೇಲೆ ಏನು, ದೇವರು ಇದ್ದಾನಾ. ಇಲ್ಲಿ ನಿಮ್ಮ ನಂಬಿಕೆ ಹೇಳಿ, ಅದು ನಿಮ್ಮ ನಂಬಿಕೆ ಅಂತಲೂ ಹೇಳಿ. "ನಾನು ಹೀಗೆ ನಂಬ್ತೀನಿ. ಅಜ್ಜಿ ಬೇರೆ ತರ ನಂಬ್ತಾರೆ. ನೀನು ದೊಡ್ಡವಳಾಗ್ತಾ ಯೋಚನೆ ಮಾಡು." ಇಷ್ಟು ಸಾಕು.

ನಾಲ್ಕನೆಯದು ಕಷ್ಟದ್ದು. ಗೊತ್ತು, ಆದರೆ ಈಗ ಹೇಳುವುದಿಲ್ಲ. ಗಂಡ ಹೆಂಡತಿ ಜಗಳ, ಸಂಬಂಧಿಕರ ಮನೆಯ ರಾದ್ಧಾಂತ, ಯಾರದೋ ಕಾಯಿಲೆ. ಇಂಥ ಕಡೆ ನಾವು "ಗೊತ್ತಿಲ್ಲ" ಅಂದುಬಿಡುತ್ತೇವೆ. ಅದು ಸುಳ್ಳು, ಅಲ್ವಾ? ಮಕ್ಕಳಿಗೆ ನಮ್ಮ ದನಿಯಲ್ಲೇ ವಾಸನೆ ಹತ್ತುತ್ತದೆ. ಆಮೇಲೆ ನೀವು ನಿಜವಾಗಿ ಗೊತ್ತಿಲ್ಲ ಅಂದಾಗಲೂ ನಂಬುವುದಿಲ್ಲ. ಅದರ ಬದಲು ಹೀಗೆ ಹೇಳಿ: "ಗೊತ್ತು ಪುಟ್ಟಿ. ಅದು ಅಮ್ಮ ಅಪ್ಪ ಬಗೆಹರಿಸ್ಕೊಳ್ಳೋ ವಿಷಯ. ನಿನ್ನಿಂದ ಆಗಿದ್ದಲ್ಲ." ಕೊನೆಯ ವಾಕ್ಯ ಬಿಡಬೇಡಿ. ಚಿಕ್ಕ ಮಕ್ಕಳು ಮನೆಯಲ್ಲಿ ಏನೇ ಕೆಟ್ಟದಾದರೂ ಅದಕ್ಕೆ ತಾವೇ ಕಾರಣ ಅಂದುಕೊಳ್ಳುವುದುಂಟು.

ಗೊತ್ತಿಲ್ಲ ಅಂದರೆ ನಮ್ಮ ಮರ್ಯಾದೆ ಹೋಗುತ್ತೆ ಅನ್ನುವ ಭಯ ನನಗೂ ಇತ್ತು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದ ಮೇಲೆ ಕಡಿಮೆಯಾಯಿತು. ಮೇಲಿಸ್ಸಾ ಕೋನಿಗ್, ಫ್ಯಾಬ್ರಿಸ್ ಕ್ಲೆಮಾಂ ಮತ್ತು ಪಾಲ್ ಹ್ಯಾರಿಸ್ ಮೂರು ನಾಲ್ಕು ವರ್ಷದ ಮಕ್ಕಳ ಮುಂದೆ ಇಬ್ಬರು ದೊಡ್ಡವರನ್ನು ತೋರಿಸಿದರು. ಮಕ್ಕಳಿಗೆ ಮೊದಲೇ ಗೊತ್ತಿದ್ದ ವಸ್ತುಗಳ ಹೆಸರನ್ನು ಒಬ್ಬರು ಸರಿಯಾಗಿ ಹೇಳಿದರು, ಇನ್ನೊಬ್ಬರು ತಪ್ಪಾಗಿ ಹೇಳಿದರು. ಆಮೇಲೆ ಗೊತ್ತಿಲ್ಲದ ವಸ್ತು ಬಂದಾಗ ಮಕ್ಕಳು ವಾಲಿದ್ದು ಸರಿಯಾಗಿ ಹೇಳಿದವರ ಕಡೆಗೆ. ಅಷ್ಟು ಚಿಕ್ಕ ವಯಸ್ಸಿಗೇ ಲೆಕ್ಕ ಇಟ್ಟಿರುತ್ತಾರೆ ನೋಡಿ. ಮರ್ಯಾದೆ ಹೋಗುವುದು ಬಾಯಿಗೆ ಬಂದದ್ದು ಹೇಳಿದಾಗ.

ಹೆಜ್ಜೆ 4: ಹುಡುಕುವುದು ಮಗುವಿನ ಕಣ್ಣೆದುರೇ ನಡೆಯಲಿ

"ಹುಡುಕಿ ಹೇಳ್ತೀನಿ" ಅಂತ ಹೇಳಿ, ಫೋನ್ ಹಿಡಿದು, ಒಬ್ಬರೇ ಓದಿಕೊಂಡು, ಉತ್ತರ ಮಾತ್ರ ಕೊಟ್ಟರೆ ಮಗುವಿಗೆ ಕಾಣುವುದು ಫೋನ್ ನೋಡುತ್ತಿರುವ ಅಪ್ಪ. ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನು ಟೈಪ್ ಮಾಡುತ್ತಿದ್ದೀರಿ ಅಂತ ಹೇಳುತ್ತಾ ಮಾಡಿ. ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ನೋಡಿ. "ಇವರಿಗೆ ಹೇಗೆ ಗೊತ್ತು?" ಅಂತ ಜೋರಾಗಿ ಕೇಳಿಕೊಳ್ಳಿ. ಚಾಟ್‌ಬಾಟ್ ಬಳಸುವವರಾದರೆ ಇದು ಇನ್ನೂ ಜಾಸ್ತಿ ಬೇಕು. ಅದೂ ನನ್ನ ಹಾಗೇ, ತಲೆ ಎತ್ತದೆ, ಒಂಚೂರೂ ಅನುಮಾನ ಇಲ್ಲದ ದನಿಯಲ್ಲಿ ತಪ್ಪು ಹೇಳಬಲ್ಲದು.

ಆದರೆ ಕೆಲವು ಪ್ರಶ್ನೆಗೆ ಫೋನ್ ಬೇಡವೇ ಬೇಡ. ಒಂದು ಸಂಜೆ ಹುಣ್ಣಿಮೆ ಚಂದ್ರ ಮನೆಗಳ ಹಿಂದಿನಿಂದ ಏಳುತ್ತಿದ್ದ, ದೊಡ್ಡ ತಟ್ಟೆಯಷ್ಟು. "ಇವತ್ತು ಚಂದ್ರ ಯಾಕೆ ಇಷ್ಟು ದೊಡ್ಡದು?" ನನಗೆ ಗೊತ್ತಿಲ್ಲ ಅಂದೆ. ನಿಜಕ್ಕೂ ದೊಡ್ಡದಾ ಅಂತ ಅಳೆದು ನೋಡೋಣ ಅಂದೆ. ಕೈ ನೀಟಾಗಿ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಕಿರುಬೆರಳಿನ ಉಗುರನ್ನು ಚಂದ್ರನ ಮೇಲೆ ಹಿಡಿದೆವು. ಪೂರ್ತಿ ಮುಚ್ಚಿಹೋಯಿತು. ಮಲಗುವ ಮುಂಚೆ ಮತ್ತೆ ಹೊರಗೆ ಹೋದೆವು. ಚಂದ್ರ ಈಗ ಮೇಲೆ, ಚಿಕ್ಕದಾಗಿ ಕಾಣುತ್ತಿದ್ದ. ಮತ್ತೆ ಕೈ ಚಾಚಿ, ಕಣ್ಣು ಮುಚ್ಚಿ, ಉಗುರು ಹಿಡಿದೆವು. ಮೊದಲಿನಷ್ಟೇ ಮುಚ್ಚಿತು. ಅಂದರೆ ಚಂದ್ರ ಬದಲಾಗಿರಲಿಲ್ಲ.

"ಮತ್ತೆ ದೊಡ್ಡದು ಕಂಡಿದ್ದು?" ಅದು ನಮ್ಮ ಮಿದುಳಿನ ಆಟ. ಆದರೆ ಮಿದುಳು ಯಾಕೆ ಹಾಗೆ ಮೋಸ ಹೋಗುತ್ತೆ ಅಂತ ಸಾವಿರಾರು ವರ್ಷದಿಂದ ಜನ ಕೇಳುತ್ತಿದ್ದಾರೆ. ವಿವರಣೆಗಳು ಹಲವು ಇವೆ, ಎಲ್ಲರೂ ಒಪ್ಪಿದ್ದು ಒಂದೂ ಇಲ್ಲ. ಒಂದೇ ರಾತ್ರಿಯಲ್ಲಿ ಒಂದು ಉತ್ತರ ನಾವೇ ಕಂಡುಕೊಂಡೆವು. ಇನ್ನೊಂದು ಉತ್ತರ ಯಾರ ಹತ್ತಿರವೂ ಇಲ್ಲ ಅಂತ ತಿಳಿಯಿತು. ಅವಳು ಅವತ್ತು ತಡವಾಗಿ ಮಲಗಿದಳು, ಬೆಳಿಗ್ಗೆ ಎಬ್ಬಿಸಲು ಒದ್ದಾಡಿದೆ. ಅದೂ ಲೆಕ್ಕದಲ್ಲಿರಲಿ.

ಎಲ್ಲ ಪ್ರಶ್ನೆಗೂ ಆಗಲೇ ಏಳಲು ಯಾರಿಗೂ ಪುರುಸೊತ್ತಿಲ್ಲ. ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಪ್ರಶ್ನೆ ಬರೆದಿಡಿ. ವಾರಕ್ಕೊಂದು ದಿನ ಅದರಲ್ಲಿ ಒಂದೆರಡು ತೆಗೆದುಕೊಳ್ಳಿ. ನಮ್ಮ ಹಾಳೆಯಲ್ಲಿ "ನೆರಳಿಗೆ ತೂಕ ಇದೆಯಾ" ಅನ್ನುವುದು ಎರಡು ತಿಂಗಳು ಕೂತಿತ್ತು. ಎರಡು ತಿಂಗಳಾದರೂ ಪರವಾಗಿಲ್ಲ. ಬರೆದ ಪ್ರಶ್ನೆಯನ್ನು ಹೇಳದೆ ಕೇಳದೆ ಹರಿದು ಎಸೆಯಬೇಡಿ.

ಹೆಜ್ಜೆ 5: ತಪ್ಪಾದರೆ ಮಗುವಿನ ಮುಂದೆಯೇ ತಿದ್ದಿಕೊಳ್ಳಿ

ಎರಡು ತರದ ತಪ್ಪು. ಹೇಳಿದ ವಿಷಯ ತಪ್ಪಾಗುವುದು, ನಡೆದುಕೊಂಡ ರೀತಿ ತಪ್ಪಾಗುವುದು.

ಮೊದಲನೆಯದು ಸುಲಭ. ಬೇಸಿಗೆಯ ಉತ್ತರಕ್ಕೆ ನಾನು ಮಾಡಿದ್ದು ಇಷ್ಟು. ಕೋಣೆ ಕತ್ತಲು ಮಾಡಿ, ಗೋಡೆಗೆ ನೇರವಾಗಿ ಟಾರ್ಚ್ ಬಿಟ್ಟೆ. ಬೆಳಕು ಗುಂಡಗೆ, ಪ್ರಖರವಾಗಿ ಬಿತ್ತು. ಅದೇ ದೂರದಿಂದ ಟಾರ್ಚನ್ನು ಓರೆ ಮಾಡಿದೆ. ಬೆಳಕು ಉದ್ದಕ್ಕೆ ಹರಡಿ ಮಂಕಾಯಿತು. ಟಾರ್ಚ್ ಅದೇ, ದೂರವೂ ಅದೇ. ಬೇಸಿಗೆಯಲ್ಲಿ ಬಿಸಿಲು ಹೆಚ್ಚು ನೇರವಾಗಿ ಬೀಳುತ್ತದೆ, ಹಗಲೂ ಉದ್ದ. ಚಳಿಗಾಲದಲ್ಲಿ ಓರೆ. "ನಾನು ಅವತ್ತು ಯೋಚನೆ ಮಾಡದೆ ಹೇಳಿಬಿಟ್ಟೆ" ಅಂದೆ. "ಗೊತ್ತಾಯ್ತು" ಅಂದಳು, ಟೀಚರಮ್ಮನ ಗತ್ತಿನಲ್ಲಿ.

ನಾವು ಕಲಿತದ್ದೇ ಬದಲಾಗಿರುವ ವಿಷಯಗಳೂ ಇವೆ. ಪ್ಲೂಟೊ 1930ರಲ್ಲಿ ಸಿಕ್ಕಿತು, 2006ರಲ್ಲಿ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. ಒಂಬತ್ತು ಗ್ರಹ ಅಂತ ಬಾಯಿಪಾಠ ಮಾಡಿದವರು ನಾವು, ಎಂಟು ಅಂತ ಕಲಿಯುವವರು ಅವರು. ಇಂಥದ್ದು ಬಂದಾಗ ವಾದ ಮಾಡಬೇಡಿ, "ಹೌದಾ, ಯಾವಾಗ ಬದಲಾಯ್ತು?" ಅಂತ ಕೇಳಿ.

ಎರಡನೆಯದಕ್ಕೆ ಗಂಟಲು ಕಟ್ಟುತ್ತದೆ. ಒಂದು ಬೆಳಿಗ್ಗೆ ಫೋನ್ ಚಾರ್ಜರ್ ಕಾಣಲಿಲ್ಲ. ಮಗಳೇ ತೆಗೆದಿದ್ದಾಳೆ ಅಂತ ತೀರ್ಮಾನ ಮಾಡಿ ಕೂಗಾಡಿದೆ. ಅವಳು ಅಳುತ್ತಾ ಶಾಲೆಗೆ ಹೋದಳು. ಮಧ್ಯಾಹ್ನ ಆಫೀಸಿನಲ್ಲಿ ಬ್ಯಾಗಿನ ಒಳಜೇಬಿಗೆ ಕೈ ಹಾಕಿದೆ. ವೈರು ಬೆರಳಿಗೆ ಸಿಕ್ಕಿತು. ಹೊರಗೆ ತೆಗೆಯಲೇ ಮನಸ್ಸಾಗಲಿಲ್ಲ.

ಸಂಜೆ ಏನು ಹೇಳಬೇಕು? ನಾನು ಬರೆದುಕೊಂಡೇ ಹೋದೆ. ಏನಾಯಿತು: "ಚಾರ್ಜರ್ ನನ್ನ ಬ್ಯಾಗಲ್ಲೇ ಇತ್ತು." ತಪ್ಪು ಯಾರದು: "ನೋಡದೆ ನಿನ್ನ ಮೇಲೆ ಕೂಗಾಡಿದೆ." ಕ್ಷಮೆ: "ತಪ್ಪಾಯ್ತು." ಮುಂದೇನು: "ಇನ್ನು ಮೇಲೆ ಮೊದಲು ನನ್ನ ಬ್ಯಾಗ್ ನೋಡ್ತೀನಿ." ಇಲ್ಲಿಗೆ ನಿಲ್ಲಿಸಿ. "ಆದ್ರೆ ನೀನೂ ಯಾವಾಗ್ಲೂ ವಸ್ತು ಎತ್ತಿಡ್ತೀಯಲ್ಲ" ಅನ್ನುವುದು ನಾಲಿಗೆ ತುದಿಗೆ ಬಂದೇ ಬರುತ್ತದೆ. ನುಂಗಿಕೊಳ್ಳಿ. "ಪರವಾಗಿಲ್ಲ ಅಪ್ಪಾ" ಅಂತ ಹೇಳಿಸಿಕೊಳ್ಳಲೂ ಕಾಯಬೇಡಿ. ನನ್ನ ಮಗಳು ಅವತ್ತು ಏನೂ ಹೇಳಲಿಲ್ಲ, ಎದ್ದು ಹೋದಳು. ಮಾರನೆಯ ದಿನ ಸರಿಹೋದಳು.

ಹೀಗೆ ಮುರಿದು ಮತ್ತೆ ಕೂಡಿಕೊಳ್ಳುವುದು ಸಂಬಂಧದ ದೋಷವೇ ಅಲ್ಲ ಅನ್ನುವುದಕ್ಕೆ ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನೋವಿಜ್ಞಾನಿಯ ಕೆಲಸ ಓದಬೇಕು. 1970ರ ದಶಕದಲ್ಲಿ ಅವರು ತಾಯಂದಿರಿಗೆ ಮಗುವಿನ ಮುಂದೆ ಕೆಲವು ನಿಮಿಷ ಮುಖದಲ್ಲಿ ಭಾವವೇ ಇಲ್ಲದೆ ಕೂರಲು ಹೇಳಿದರು. ಕೂಸುಗಳು ನಕ್ಕು, ಕೈಯಾಡಿಸಿ, ಕೂಗಿ ಅಮ್ಮನನ್ನು ಮರಳಿ ಸೆಳೆಯಲು ನೋಡಿದವು. ಮಾಮೂಲಿ ಆಟದಲ್ಲೂ ತಾಯಿ ಮಗುವಿನ ತಾಳ ಪದೇ ಪದೇ ತಪ್ಪುತ್ತದೆ, ಮತ್ತೆ ಕೂಡುತ್ತದೆ, ಮಗು ಕಲಿಯುವುದು ಆ ಕೂಡಿಕೆಯಲ್ಲಿ ಅಂತ ಅವರು ತೋರಿಸಿದರು. ಅದಕ್ಕೂ ಮೊದಲೇ ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಲ್ಲಿ 'ಸಾಕಷ್ಟು ಒಳ್ಳೆಯ ತಾಯಿ' ಅನ್ನುವ ಮಾತು ಬಳಸಿದ್ದರು. ಪರಿಪೂರ್ಣ ತಾಯಿ ಬೇಕಿಲ್ಲ, ಮಗುವಿಗೆ ತಡೆದುಕೊಳ್ಳುವ ಶಕ್ತಿ ಬಂದಂತೆಲ್ಲ ತಾಯಿ ಸ್ವಲ್ಪ ಸ್ವಲ್ಪವೇ ಕಡಿಮೆ ಬೀಳುವುದು ಸಹಜ, ಬೇಕಾದದ್ದೂ ಹೌದು ಅಂತ ಅವರ ವಾದ. ಅಪ್ಪಂದಿರಿಗೂ ಅನ್ವಯಿಸಿಕೊಳ್ಳಬಹುದು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಹೆಜ್ಜೆ 6: ಖಾತ್ರಿ ಇಲ್ಲದಿದ್ದರೂ ನಿಯಮ ಮಾಡಿ, ತಾರೀಖು ಹಾಕಿ ಮಾಡಿ

ಇಷ್ಟು ಓದಿ ಕೆಲವರಿಗೆ ಅನುಮಾನ ಬಂದಿರುತ್ತದೆ. ಎಲ್ಲಕ್ಕೂ ಗೊತ್ತಿಲ್ಲ ಅಂತ ಕೂತರೆ ಮನೆ ನಡೆಸುವುದು ಯಾರು? ಸರಿಯಾದ ಪ್ರಶ್ನೆ. ಫೋನ್ ಎಷ್ಟು ಹೊತ್ತು, ಎಷ್ಟು ಗಂಟೆಗೆ ಮಲಗಬೇಕು, ಒಬ್ಬಳೇ ಎಲ್ಲಿವರೆಗೆ ಹೋಗಬಹುದು. ಉತ್ತರ ಖಚಿತವಾಗಿ ಗೊತ್ತಿಲ್ಲದಿದ್ದರೂ ತೀರ್ಮಾನ ಮಾಡಬೇಕಾದವರು ನಾವೇ.

"ನಾನು ಹೇಳಿದೆ ಅಷ್ಟೆ" ಅನ್ನುವ ಬದಲು ಹೀಗೆ ಹೇಳಿ ನೋಡಿ: "ಇದು ಸರೀನಾ ಅಂತ ನನಗೂ ಪೂರ್ತಿ ಗೊತ್ತಿಲ್ಲ. ಸದ್ಯಕ್ಕೆ ದಿನಕ್ಕೆ ಒಂದು ಗಂಟೆ. ಮುಂದಿನ ತಿಂಗಳು 1ನೇ ತಾರೀಖು ಕೂತು ಮಾತಾಡೋಣ. ಅಲ್ಲಿವರೆಗೆ ಇದೇ." ಆ ತಾರೀಖಿನಂದು ನಿಜವಾಗಿ ಕೂರಿ. ಅವಳ ವಾದ ಕೇಳಿ. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಇದನ್ನೇ: ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಅದರ ಅಭಿಪ್ರಾಯ ಕೇಳಬೇಕು, ವಯಸ್ಸಿಗೂ ತಿಳಿವಳಿಕೆಗೂ ತಕ್ಕ ಬೆಲೆ ಕೊಡಬೇಕು. ಕೇಳಿದ್ದನ್ನೆಲ್ಲ ಒಪ್ಪಬೇಕು ಅಂತ ಎಲ್ಲೂ ಇಲ್ಲ.

ಪ್ರಾಣಕ್ಕೆ ಸಂಬಂಧಿಸಿದ್ದಕ್ಕೆ ಈ ಚೌಕಾಸಿ ಇಲ್ಲ. ಸೀಟ್ ಬೆಲ್ಟ್, ಕರೆಂಟು, ನೀರಿನ ಹತ್ತಿರ ಹೋಗುವುದು, ಔಷಧಿ ಮುಟ್ಟುವುದು. ಅಲ್ಲಿ ದನಿ ಗಟ್ಟಿ ಇರಲಿ.

ತಾರೀಖು ಹಾಕಬೇಕು ಅಂತ ಯಾಕೆ ಹೇಳಿದೆ ಅಂದರೆ, ತಜ್ಞರ ಸಲಹೆಗೂ ತಾರೀಖು ಇರುತ್ತದೆ. ದಶಕಗಳ ಕಾಲ ಎಷ್ಟೋ ದೇಶಗಳಲ್ಲಿ ಕೂಸುಗಳನ್ನು ಬೋರಲು ಮಲಗಿಸಿ ಅಂತಲೇ ಹೇಳುತ್ತಿದ್ದರು. ಅಂಗಾತ ಮಲಗಿಸಿದರೆ ಕಕ್ಕಿದ್ದು ಗಂಟಲಿಗೆ ಸಿಕ್ಕೀತು ಅಂತ ಭಯ. ಆಮೇಲೆ, ನಿದ್ದೆಯಲ್ಲಿ ಹಠಾತ್ತಾಗಿ ತೀರಿಕೊಳ್ಳುವ ಕೂಸುಗಳಲ್ಲಿ ಬೋರಲು ಮಲಗಿದವೇ ಹೆಚ್ಚು ಅಂತ ಕಂಡುಬಂತು. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಬೋರಲು ಬೇಡ ಅಂದಿತು, 1994ರಲ್ಲಿ ದೇಶವ್ಯಾಪಿ ಪ್ರಚಾರ ಶುರುವಾಯಿತು. ಅಲ್ಲಿ ಅಂಥ ಸಾವುಗಳು ಅರ್ಧದಷ್ಟು ಇಳಿದವು. ಈಗ ಎಲ್ಲೆಡೆ ಸಲಹೆ ಅಂಗಾತ ಮಲಗಿಸಿ ಅಂತಲೇ. ಕಡಲೆಕಾಯಿ ಅಲರ್ಜಿಯ ಕಥೆಯೂ ಇಂಥದ್ದೇ. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕೊಡಬೇಡಿ ಅಂತ 2000ದಲ್ಲಿ ಹೇಳಿದ ಅದೇ ಸಂಘ 2008ರಲ್ಲಿ ಆ ಮಾತು ಹಿಂತೆಗೆದುಕೊಂಡಿತು. 2015ರಲ್ಲಿ 640 ಕೂಸುಗಳ ಅಧ್ಯಯನ ಬಂತು. ಬೇಗ ಕೊಟ್ಟವರಲ್ಲಿ ಅಲರ್ಜಿ ಸುಮಾರು 80% ಕಡಿಮೆ. ಇದನ್ನು ಓದಿ ಮನೆಯಲ್ಲೇ ಪ್ರಯೋಗ ಮಾಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಅಜ್ಜಿ ತಾತಂದಿರ ಜೊತೆ ಜಗಳ ಆಗುವುದು ಬಹಳ ಸಲ ಇಲ್ಲೇ. ಅವರಿಗೆ ಏನೂ ಗೊತ್ತಿರಲಿಲ್ಲ ಅಂತಲ್ಲ. ಅವರ ಕಾಲದ ಡಾಕ್ಟರು ಹೇಳಿದ್ದನ್ನು ಅವರು ನಿಷ್ಠೆಯಿಂದ ಮಾಡಿದರು. "ನಿಮ್ಮ ಕಾಲದಲ್ಲಿ ಹಾಗೆ ಹೇಳ್ತಿದ್ರು, ಈಗ ಬದಲಾಗಿದೆಯಂತೆ" ಅಂದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಉಳಿದರ್ಧಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ನಾನು ನಮ್ಮಪ್ಪನನ್ನು ಒಮ್ಮೆ ಕೇಳಿದೆ, ನಾನು ಚಿಕ್ಕವನಿದ್ದಾಗ ನಿಮಗೆ ಎಲ್ಲ ಗೊತ್ತಿತ್ತಾ ಅಂತ. "ಏನ್ ಗೊತ್ತಿತ್ತು? ನೀನು ಕೇಳ್ತಿರ್ಲಿಲ್ಲ, ನಾನು ಹೇಳ್ತಿರ್ಲಿಲ್ಲ" ಅಂದರು.

ಹೆಜ್ಜೆ 7: ನಿಮ್ಮ ಭಯವನ್ನು ಮಗುವಿನ ತಲೆಗೆ ಕಟ್ಟಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಕೆಲಸ ಹೋಗಬಹುದು, ಮನೆ ಬದಲಿಸಬೇಕಾಗಬಹುದು, ಮನೆಯವರಿಗೆ ಹುಷಾರಿಲ್ಲ. ಇಂಥ ಹೊತ್ತಲ್ಲಿ "ನನಗೂ ಏನೂ ಗೊತ್ತಿಲ್ಲ, ಏನಾಗುತ್ತೋ" ಅನ್ನುವುದು ಪ್ರಾಮಾಣಿಕತೆ ಅನ್ನಿಸಬಹುದು. ಮಗುವಿಗೆ ಅದು ಕಾಲ ಕೆಳಗಿನ ನೆಲ ಜಾರಿದ ಹಾಗೆ. ಆ ಮಾತು ಹೇಳಲು ಗೆಳೆಯರನ್ನು ಹುಡುಕಿ, ಅಣ್ಣ ತಮ್ಮಂದಿರನ್ನು ಹುಡುಕಿ. ಎಂಟು ವರ್ಷದ ಹುಡುಗಿ ನಿಮ್ಮ ಆಪ್ತ ಗೆಳತಿ ಆಗಬೇಕಿಲ್ಲ.

ಮಗುವಿಗೆ ಮೂರು ವಿಷಯ ಸೇರಿಸಿ ಹೇಳಿ: ಗೊತ್ತಿಲ್ಲದ್ದು, ಗೊತ್ತಿರುವುದು, ಮುಂದಿನ ಕೆಲವು ಗಂಟೆಯಲ್ಲಿ ಆಗುವುದು.

ನಮ್ಮಮ್ಮ ಆಸ್ಪತ್ರೆ ಸೇರಿದ ದಿನ ರಾತ್ರಿ ಮಗಳು ದಿಂಬಿಗೆ ಮುಖ ಒತ್ತಿಕೊಂಡು ಕೇಳಿದಳು: "ಅಜ್ಜಿ ವಾಪಸ್ ಬರ್ತಾರಾ?" ಬರ್ತಾರೆ ಅಂತ ಹೇಳಲು ನನ್ನ ಇಡೀ ಮೈ ತುಡಿಯುತ್ತಿತ್ತು. ಹೇಳಲಿಲ್ಲ. "ಗೊತ್ತಿಲ್ಲ ಪುಟ್ಟಿ. ಡಾಕ್ಟರಿಗೂ ಇನ್ನೂ ಗೊತ್ತಿಲ್ಲ. ಅಜ್ಜಿಗೆ ನೋವಾಗದ ಹಾಗೆ ಔಷಧಿ ಕೊಟ್ಟಿದ್ದಾರೆ, ಅದು ಗೊತ್ತು. ಚಿಕ್ಕಪ್ಪ ಅಲ್ಲೇ ಇದ್ದಾನೆ. ಬೆಳಿಗ್ಗೆ ನಾನು ಹೋಗಿ ನೋಡ್ತೀನಿ, ನೀನು ಸ್ಕೂಲಿಂದ ಬಂದ ತಕ್ಷಣ ಹೇಳ್ತೀನಿ. ಇವತ್ತು ನಿನ್ನ ಪಕ್ಕದಲ್ಲೇ ಮಲಗ್ತೀನಿ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಯಾವ ಕಡೆ ಮಲಗ್ತೀಯಾ?" ಅಂದಳು. ಗೋಡೆ ಕಡೆ ಅಂದೆ. ಅಂಗಿಯ ತೋಳು ಹಿಡಿದುಕೊಂಡೇ ನಿದ್ದೆ ಹೋದಳು.

ಮರುದಿನ ಸಂಜೆ ಹೇಳಿದ ಹಾಗೆ ಹೇಳಿದೆ. ಹೊಸದೇನೂ ಇರಲಿಲ್ಲ, ಆದರೂ ಹೇಳಿದೆ. ದೊಡ್ಡ ಮಾತು ಕೊಡಲು ಆಗದಿದ್ದಾಗ ಇಂಥ ಚಿಕ್ಕ ಮಾತುಗಳನ್ನು ತಪ್ಪಿಸಬಾರದು.

ಹೆಜ್ಜೆ 8: ಹದಿಹರೆಯದವರ ಜೊತೆ

ಇಲ್ಲಿ ಆಟವೇ ತಿರುಗುತ್ತದೆ. ಅವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ, ನಿಮಗೆ ಏನೂ ಗೊತ್ತಿಲ್ಲ ಅಂತ ಅವರೇ ತೀರ್ಮಾನ ಮಾಡಿರುತ್ತಾರೆ. ಸಣ್ಣವರಿದ್ದಾಗ ನೀವೇ ಒಪ್ಪಿಕೊಂಡಿದ್ದರೆ ಈಗ ಅಷ್ಟು ನೋವಾಗುವುದಿಲ್ಲ. ಅವರಿಂದ ನಿಜವಾಗಿ ಏನಾದರೂ ಕಲಿಯಿರಿ, ಫೋನಿನ ಸೆಟ್ಟಿಂಗ್ ಆದರೂ ಸರಿ. ಪಾಠ ಹೇಳುವಾಗ ಅವರು ತಾಳ್ಮೆ ಕಳೆದುಕೊಳ್ಳುವ ರೀತಿ ಗಮನಿಸಿ. ಎಲ್ಲೋ ನೋಡಿದ ಹಾಗಿರುತ್ತದೆ. ನಮ್ಮದೇ ದನಿ ಅದು.

ಅವರ ತೊಂದರೆ ಕೇಳಿದ ತಕ್ಷಣ ಪರಿಹಾರ ಹೇಳಬೇಡಿ. "ಸುಮ್ನೆ ಕೇಳಿಸ್ಕೊಳ್ಳಬೇಕಾ, ಏನಾದ್ರೂ ಮಾಡಬೇಕಾ?" ಅಂತ ಮೊದಲು ಕೇಳಿ. ಒಂದು ಹೊರತು ಮಾತ್ರ: ತನಗೆ ತಾನೇ ಕೆಡುಕು ಮಾಡಿಕೊಳ್ಳುವ ಮಾತು, ಯಾರೋ ಹಿಂಸೆ ಕೊಡುತ್ತಿರುವ ಸುಳಿವು ಸಿಕ್ಕಿದರೆ ನಿಮಗೆ ಏನು ಮಾಡಬೇಕು ಅಂತ ಗೊತ್ತಿಲ್ಲದಿದ್ದರೂ ಕಾಯುತ್ತಾ ಕೂರಬೇಡಿ. ಗೊತ್ತಿರುವ ಡಾಕ್ಟರ ಅಥವಾ ಆಪ್ತಸಲಹೆಗಾರರ ಹತ್ತಿರ ಅವತ್ತೇ ಹೋಗಿ. "ಇದು ನನ್ನ ಕೈಲಾಗಲ್ಲ, ಗೊತ್ತಿರೋರ ಹತ್ರ ಹೋಗೋಣ, ನಾನು ಜೊತೆಗಿರ್ತೀನಿ" ಅನ್ನಿ.

ಅದೇ ಪ್ರಶ್ನೆ ಮತ್ತೆ ಬಂದಾಗ

ಎಲ್ಲ ಚೆನ್ನಾಗಿ ಹೇಳಿದಿರಿ, ಮಗು ತಲೆಯಾಡಿಸಿತು. ನಾಲ್ಕು ದಿನ ಬಿಟ್ಟು ಅದೇ ಪ್ರಶ್ನೆ. "ಆವತ್ತೇ ಹೇಳಿದ್ನಲ್ಲ" ಅನ್ನಬೇಡಿ. ಕೆಲವು ಸಲ ಮರೆತಿರುತ್ತಾರೆ. ಕೆಲವು ಸಲ ಅದೇ ಉತ್ತರ ಬರುತ್ತಾ ಅಂತ ನೋಡುತ್ತಿರುತ್ತಾರೆ, ಅದರಲ್ಲೂ ಸಾವು, ಜಗಳ, ಕಾಯಿಲೆಯ ವಿಷಯದಲ್ಲಿ. ಹೋದ ಸಲ ಏನು ಹೇಳಿದ್ದಿರೋ ಅದೇ ಮಾತಿನಲ್ಲಿ ಮತ್ತೆ ಹೇಳಿ. ಈ ನಡುವೆ ನಿಮಗೆ ಹೊಸದೇನಾದರೂ ಗೊತ್ತಾಗಿದ್ದರೆ ಅದನ್ನು ಸೇರಿಸಿ, ಯಾವಾಗ ಗೊತ್ತಾಯಿತು ಅಂತಲೂ ಹೇಳಿ. ಗೊತ್ತಾಗಿಲ್ಲದಿದ್ದರೆ "ಇನ್ನೂ ಗೊತ್ತಾಗಿಲ್ಲ" ಅನ್ನಿ. ಮಲಗುವ ಹೊತ್ತಾಗಿದ್ದರೆ ಹಾಳೆಯಲ್ಲಿ ಬರೆದು ದೀಪ ಆರಿಸಿ.